ಮಡ್ಡಿಯ ಮೇಲಿನ ದಾಸೋಹ



ಕೆಲವು ವರ್ಷಗಳ ಹಿಂದೆ ಬೇಸಗೆಯಲ್ಲಿ ನಾವು ಈ ಎಂ.ಕೆ. ಹುಬ್ಬಳ್ಳಿಗೆ ಬಂದಿದ್ದೆವು. ಮಲಪ್ರಭೆಯ ಒಡಲಲ್ಲಿರುವ ತಾಯಿ ಗಂಗಾಂಬಿಕೆಯ ಐಕ್ಯಮಂಟಪದ ದರ್ಶನ ಮಾಡಿಕೊಂಡು ನಾಲ್ಕು ದಿನ ಇಲ್ಲಿಯೇ ಉಳಿದೆವು. ಮುಂಜಾನೆ ಅಡ್ಡಾಡುವ ದಾರಿಯಲ್ಲಿ, ಊರ ಹೊರಗಿನ ಮಡ್ಡಿಯಲ್ಲಿ, ಒಂದು ಮುದಿ ಎತ್ತು ಸತ್ತು ಬಿದ್ದಿತ್ತು. ಜೊತೆಗಿದ್ದವರು ಮೂಗಿಗೆ ಅರಿವೆ ಹಿಡಿದು, "ಅಜ್ಜಾರ, ಈ ದಾರಿ ಬ್ಯಾಡ್ರಿ" ಎಂದರು. "ನಮಗೆ ಅನ್ನ ಕೊಟ್ಟ ಜೀವ, ಒಂದು ಗಳಿಗೆ ನಿಂತು ನೋಡೋಣ" ಎಂದೆವು. ದಿನಾಲೂ ಹೋಗಿ ನೋಡಿದೆವು.

ಮೊದಲ ದಿನ ಕಾಗೆಗಳು ಕಣ್ಣು ಕುಕ್ಕಿದವು. ನೊಣಗಳು ಮುತ್ತಿ ಮೂಗು-ಬಾಯಿಗಳಲ್ಲಿ ತತ್ತಿ ಇಟ್ಟವು. ಮರುದಿನ ಹೊಟ್ಟೆ ನಗಾರಿಯಂತೆ ಉಬ್ಬಿತ್ತು. ಬದುಕಿದ್ದಾಗ ಮೇವು ಅರಗಿಸುತ್ತಿದ್ದ ಸೂಕ್ಷ್ಮಜೀವಿಗಳೇ ಈಗ ಒಳಗಿನಿಂದ ದೇಹವನ್ನು ಅರಗಿಸತೊಡಗಿದ್ದವು. ಮುಂದೆ ನಾಯಿಗಳ ಹಿಂಡು ಬಂದಿತು, ಹುಳಗಳು ಗಿಜಿಗುಟ್ಟಿದವು. ಮಳೆಗಾಲದಲ್ಲಿ ಮತ್ತೆ ಬಂದಾಗ ಬಿಳಿಯ ಎಲುಬುಗಳ ಸುತ್ತ ಹುಲ್ಲು ಹಸಿರಾಗಿ ನಿಂತಿತ್ತು. ಬದುಕಿದ್ದಾಗ ನೇಗಿಲೆಳೆದದ್ದು ಕಾಯಕ. ಸತ್ತ ಮೇಲೆ ಇಷ್ಟು ಜೀವಗಳಿಗೆ ಉಣಿಸಿದ್ದು ದಾಸೋಹ.

ಆದರೆ ಆ ಪಂಕ್ತಿಯಲ್ಲಿ ಒಂದು ಜಾಗ ಬರಿದಾಗಿತ್ತು. ರಣಹದ್ದು ಬರಲಿಲ್ಲ. ಹಿಂದೆ ಹಿಂಡುಹಿಂಡಾಗಿ ಇಳಿದು, ನೋಡನೋಡುತ್ತ ಎಲುಬಷ್ಟೇ ಉಳಿಸಿ ಹೋಗುತ್ತಿದ್ದ ಹಕ್ಕಿ ಅದು. ಅದು ಹೋದದ್ದೇಕೆ? ದನದ ನೋವು ಕಳೆಯಲೆಂದು ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ಔಷಧದಿಂದ. ಆ ಔಷಧ ಮೈಯಲ್ಲಿರುವಾಗಲೇ ಸತ್ತ ದನದ ಮಾಂಸ ತಿಂದ ಹದ್ದಿಗೆ ಮೂತ್ರಪಿಂಡ ಕೆಟ್ಟು ಸಾವು ಬರುತ್ತದೆಂದು ವಿಜ್ಞಾನಿಗಳು 2004ರಲ್ಲಿ ತೋರಿಸಿಕೊಟ್ಟರು. ನಮ್ಮ ದೇಶದಲ್ಲಿ 1992ರಿಂದ 2007ರೊಳಗೆ ಬಿಳಿಬೆನ್ನಿನ ರಣಹದ್ದು ಸಾವಿರಕ್ಕೆ ಒಂದರಂತೆ ಮಾತ್ರ ಉಳಿಯಿತು. 2006ರಲ್ಲಿ ಸರ್ಕಾರ ದನಗಳಿಗೆ ಈ ಔಷಧ ಕೊಡುವುದನ್ನು ನಿಷೇಧಿಸಿತು. ಅಷ್ಟರಲ್ಲಿ ಆಕಾಶ ಬರಿದಾಗಿತ್ತು.

ಔಷಧ ಕೊಟ್ಟ ರೈತ ಪಾಪಿಯಲ್ಲ. ಎತ್ತಿನ ಮೇಲಿನ ದಯೆಯಿಂದಲೇ ಕೊಟ್ಟ. ದಯೆ ಇತ್ತು, ಅರಿವು ಇರಲಿಲ್ಲ. ಅರಿವಿಲ್ಲದ ದಯೆ ಒಂದು ಕಣ್ಣೀರು ಒರೆಸಲು ಹೋಗಿ ಒಂದು ಕುಲವನ್ನೇ ಅಳಿಸೀತು. ನಾವು ಆ ಹಕ್ಕಿಯನ್ನು ಅಪಶಕುನವೆಂದು ದೂರವಿಟ್ಟೆವು. ಅದು ಇಲ್ಲವಾದದ್ದು ನಮಗೆ ತಿಳಿಯಲೇ ಇಲ್ಲ. ಸತ್ತ ದನ ಹೊತ್ತು ಊರನ್ನು ಶುಚಿಯಾಗಿಟ್ಟ ಮನುಷ್ಯರನ್ನೂ ಹೀಗೆಯೇ ಹೊರಗಿಟ್ಟೆವಲ್ಲ! ತೊಗಲು ಹದಮಾಡುವ ಕಾಯಕದ ಡೋಹರ ಕಕ್ಕಯ್ಯನವರನ್ನು ಬಸವಣ್ಣನವರು ತಂದೆಯ ಸ್ಥಾನದಲ್ಲಿ ಕಂಡರು. ಅವರ ಗದ್ದುಗೆಯಿರುವ ಕಕ್ಕೇರಿ ನಮಗೆ ದೂರದ ಊರಲ್ಲ. ಅಲ್ಲಿಗೆ ಹೋಗಿ ಕೈಮುಗಿದು, ಮನೆಗೆ ಬಂದು ಆ ಕಾಯಕದವರನ್ನು ಹೊಸ್ತಿಲ ಹೊರಗೆ ನಿಲ್ಲಿಸಿದರೆ ಆ ಭಕ್ತಿಗೆ ಬೆಲೆಯೇನು?

ಆದುದರಿಂದ ದನಕ್ಕೆ ಬೇನೆ ಬಂದರೆ ಪಶುವೈದ್ಯರನ್ನು ಕೇಳಿರಿ. ಹದ್ದಿಗೆ ಕೇಡು ಮಾಡದ ಮೆಲಾಕ್ಸಿಕ್ಯಾಮ್‌ನಂಥ ಔಷಧವೂ ಇದೆ. ಅಂಟುರೋಗದಿಂದ ಸತ್ತ ದನವನ್ನು ಬಯಲಿಗೆ ಎಸೆಯದೆ, ಅವರು ಹೇಳಿದಂತೆ ಸುಣ್ಣ ಹಾಕಿ ಆಳವಾಗಿ ಹೂಳಿರಿ. ತಾಯಿ ಮಲಪ್ರಭೆಯ ನೀರಿಗಂತೂ ಎಂದೂ ಹಾಕಬೇಡಿರಿ. ದುಡಿದ ಎತ್ತನ್ನು ಕಡೆಯವರೆಗೂ ಮನೆಯ ಮಗನಂತೆ ನೋಡಿಕೊಳ್ಳಿರಿ. ದಯೆಗೆ ಅರಿವು ಕೂಡಲಿ, ಅರಿವು ಆಚಾರವಾಗಲಿ ಎಂದು ಹಾರೈಸಿ ಈ ಮಾತು ಮುಗಿಸುತ್ತೇವೆ.