ಸೂರಿಲ್ಲದ ಯುವಜನರಿಗೆ ನ್ಯಾಯದ ನೆರವು
(ಶತಮಾನೋತ್ಸವ ಸಭೆಯಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ಹಬ್ಬದ ದಿನಗಳಲ್ಲಿ ರೈಲು ನಿಲ್ದಾಣದ ಬಳಿ ಮಲಗುವ ಹುಡುಗರಿಗೆ ಅನ್ನದ ಪೊಟ್ಟಣ ಹಂಚುವ ಪುಣ್ಯಕಾರ್ಯವನ್ನು ನಮ್ಮ ಯುವಕರು ನಡೆಸಿಕೊಂಡು ಬಂದಿದ್ದಾರೆ. ಅದು ನಿಲ್ಲದಿರಲಿ. ಆದರೆ ಅಂತಹ ಹುಡುಗನೊಬ್ಬನನ್ನು ಅನುಮಾನದ ಮೇಲೆ ಠಾಣೆಗೆ ಕರೆದೊಯ್ದಾಗ, ಮಾಲೀಕನು ಕೂಲಿ ಕೊಡದೆ ಹೊರದಬ್ಬಿದಾಗ, ತಂದೆ ತೀರಿದ ಮೇಲೆ ದಾಯಾದಿಗಳು ಮನೆಯ ಪಾಲನ್ನು ನುಂಗಿದಾಗ, ಅನ್ನದ ಪೊಟ್ಟಣವು ಏನು ಮಾಡೀತು? ಅಲ್ಲಿ ಬೇಕಾದುದು ಅವನ ಪರವಾಗಿ ಮಾತನಾಡುವ ಒಂದು ಬಾಯಿ.

ಇಂದಿನ ಫ್ರಾನ್ಸಿನ ಬ್ರಿಟನಿ ಪ್ರಾಂತ್ಯದಲ್ಲಿ 1303ರಲ್ಲಿ ದೈವಾಧೀನರಾದ ಸಂತ ಈವೋ ಗುರುಗಳೂ ಹೌದು, ನ್ಯಾಯಶಾಸ್ತ್ರ ಪಾರಂಗತರೂ ಹೌದು. ಬಡವರ ಮತ್ತು ಅನಾಥರ ಪರವಾಗಿ ಶುಲ್ಕವಿಲ್ಲದೆ ವಾದಿಸಿದ ಅವರಿಗೆ 1347ರಲ್ಲಿ ಸಂತಪದವಿ ಲಭಿಸಿತು. ವಕೀಲರಲ್ಲಿಯೂ ಸಂತರುಂಟೇ ಎಂದು ನಗುವವರು ಈ ಹೆಸರನ್ನು ನೆನಪಿಡಲಿ.

ನಮ್ಮ ದೇಶದಲ್ಲಿ 1976ರ ತಿದ್ದುಪಡಿಯಿಂದ ಉಚಿತ ಕಾನೂನು ನೆರವು ಸಂವಿಧಾನದ 39ಎ ವಿಧಿಯಾಯಿತು. 1979ರಲ್ಲಿ ಬಿಹಾರದ ಸೆರೆಮನೆಗಳಲ್ಲಿ ವಿಚಾರಣೆಯಿಲ್ಲದೆ ವರ್ಷಗಟ್ಟಲೆ ಕೊಳೆಯುತ್ತಿದ್ದವರ ಪರವಾಗಿ ವಕೀಲೆ ಕಪಿಲಾ ಹಿಂಗೋರಾಣಿಯವರು ಸುಪ್ರೀಂ ಕೋರ್ಟಿನ ಮೊರೆಹೊಕ್ಕರು. ಹುಸೈನಾರಾ ಖಾತೂನ್ ಪ್ರಕರಣವೆಂದು ಅದು ಪ್ರಸಿದ್ಧವಾಗಿದೆ. ಬಡ ಆರೋಪಿಗೆ ವಕೀಲರ ನೆರವು ದಯೆಯಲ್ಲ, ಹಕ್ಕು ಎಂದು ನ್ಯಾಯಾಲಯ ಸಾರಿತು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆ 1995ರಲ್ಲಿ ಜಾರಿಗೆ ಬಂದಿತು. ಅದರ ಪ್ರಕಾರ ಮಕ್ಕಳು, ಸ್ತ್ರೀಯರು, ಪರಿಶಿಷ್ಟ ಜಾತಿ ಪಂಗಡಗಳವರು ಹಾಗೂ ಬಂಧನದಲ್ಲಿರುವವರು ಆದಾಯ ಎಷ್ಟೇ ಇರಲಿ ಉಚಿತ ವಕೀಲರಿಗೆ ಅರ್ಹರು. ಹದಿನೆಂಟು ತುಂಬಿದ ಹುಡುಗನೂ ಆದಾಯದ ಮಿತಿಯೊಳಗಿದ್ದರೆ ಅರ್ಹನೇ. ಆದಾಯಕ್ಕೆ ಅವನದೇ ಅಫಿಡವಿಟ್ಟನ್ನು ಒಪ್ಪಲು ಕಾಯಿದೆಯಲ್ಲಿ ಅವಕಾಶವಿದೆ.

ಹಕ್ಕು ಪುಸ್ತಕದಲ್ಲಿದೆ; ಹುಡುಗ ಪ್ಲಾಟ್‌ಫಾರ್ಮಿನಲ್ಲಿದ್ದಾನೆ. ನ್ಯಾಯಾಲಯದ ಆವರಣದಲ್ಲಿಯೇ ಇರುವ ತಾಲ್ಲೂಕು ಕಾನೂನು ಸೇವಾ ಸಮಿತಿಯ ಬಾಗಿಲು ತಟ್ಟಲು ಅವನಿಗೆ ಧೈರ್ಯವಿಲ್ಲ. ಎಷ್ಟೋ ಮಂದಿಗೆ ವಯಸ್ಸಿನ ದಾಖಲೆಯೂ ಇಲ್ಲ. ಹುಟ್ಟಿ ವರ್ಷ ಕಳೆದ ಮೇಲೆ ಜನನ ನೋಂದಣಿಗೆ ದಂಡಾಧಿಕಾರಿಗಳ ಆದೇಶ ಬೇಕು. ಅಂತಹ ಅರ್ಜಿಗೆ ಆಧಾರವಾಗಿ ಸಲ್ಲಿಸಬಹುದಾದ ಕಾಗದಗಳಲ್ಲಿ ನಮ್ಮ ದೀಕ್ಷಾಸ್ನಾನದ ದಾಖಲೆಯೂ ಒಂದು. ನೂರು ವರ್ಷ ಗೆದ್ದಲಿನಿಂದ ಕಾಪಾಡಿದ ಆ ಪುಸ್ತಕಗಳಿಗೆ ಇದಕ್ಕಿಂತ ಒಳ್ಳೆಯ ಉಪಯೋಗ ನನಗೆ ತೋಚದು.

ಮನೆಯಿಲ್ಲದ ಮಗು ಕಣ್ಣಿಗೆ ಬಿದ್ದರೆ 1098ಕ್ಕೆ ದೂರವಾಣಿ ಮಾಡಿರಿ. ಇಪ್ಪತ್ತನಾಲ್ಕು ಗಂಟೆಗಳೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕೆಂದು 2015ರ ಬಾಲನ್ಯಾಯ ಕಾಯಿದೆ ವಿಧಿಸುತ್ತದೆ. ಕಾನೂನು ಸಲಹೆಗೆ 15100 ಇದೆ. ಅದಕ್ಕೂ ಮಿಗಿಲಾಗಿ, ಜೊತೆಯಲ್ಲಿ ನಡೆದುಹೋಗುವವರು ಬೇಕು. ನಮ್ಮ ವಿಶ್ವಾಸಿಗಳಲ್ಲಿ ವಕೀಲರಿದ್ದಾರೆ, ನಿವೃತ್ತ ಗುಮಾಸ್ತರಿದ್ದಾರೆ, ಅರ್ಜಿ ಬರೆಯಬಲ್ಲ ಅಧ್ಯಾಪಕಿಯರಿದ್ದಾರೆ. ಬರುವ ಭಾನುವಾರ ಎರಡನೆಯ ಪೂಜೆಯ ನಂತರ ಗುರುನಿವಾಸದ ಜಗಲಿಯಲ್ಲಿ ಮೇಜು, ಕುರ್ಚಿ ಹಾಕಿಸುತ್ತೇನೆ. ಮನಸ್ಸುಳ್ಳವರು ಬಂದು ಹೆಸರು ಬರೆಸಿರಿ.