ಹೊಸ ಮಿಷನ್ನು ದಮ್ಮು ಕಟ್ಟಿದಾಗ

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ನಡೆದ ರೈತ ಸದಸ್ಯರ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಆಡಿದ ಮಾತುಗಳು)



ಸಂಘದ ಇಪ್ಪತ್ತೈದು ವರ್ಷದ ಲೆಕ್ಕಪತ್ರವನ್ನು ಕಾರ್ಯದರ್ಶಿಗಳು ಈಗಾಗಲೇ ಓದಿದ್ದಾರೆ. ನನಗೆ ಅಧ್ಯಕ್ಷರು ಕೊಟ್ಟ ವಿಷಯ 'ಯಂತ್ರೋಪಕರಣ ಸಾಲ ಮತ್ತು ಸದಸ್ಯರು' ಎಂಬುದು. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ನೇಗಿಲು ಹಿಡಿದವನು, ಇಂಜಿನಿಯರೂ ಅಲ್ಲ, ಮೆಕ್ಯಾನಿಕ್ಕೂ ಅಲ್ಲ. ಸಾಲದ ಕಾನೂನು ಹೇಳಲು ನನಗಿಂತ ತಿಳಿದವರು ಇಲ್ಲಿದ್ದಾರೆ. ಆದ್ದರಿಂದ ಸಂಘದ ಸಾಲದಲ್ಲಿ ತಂದ ಒಂದು ಹೊಸ ಮಿಷನ್ನಿನ ದೆಸೆಯಿಂದ ನನಗೂ ಒಬ್ಬ ಸದಸ್ಯರಿಗೂ ಮಾತು ಬಿಟ್ಟುಹೋದ ಸಂಗತಿಯನ್ನು ಹೇಳುತ್ತೇನೆ. ಆ ಸದಸ್ಯರು ಇಲ್ಲೇ ಕುಂತಿದ್ದಾರೆ. ಹೇಳಪ್ಪ ಅಂತ ಒಪ್ಪಿಗೆ ಕೊಟ್ಟಿದ್ದಾರೆ, ಹೆಸರು ಮಾತ್ರ ಬೇಡ ಅಂದಿದ್ದಾರೆ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆ ರೇಷ್ಮೆ ಮಾಡುವವರಿಗೆ ನಾನು ವಿವರಿಸಬೇಕಾಗಿಲ್ಲ. ಕಡ್ಡಿ ಕಟಾವು ಆದ ಮೇಲೆ ತೋಟದ ಸಾಲುಗಳನ್ನು ಬೇಗ ಕೆದಕಿ, ಗೊಬ್ಬರ ಕೊಟ್ಟು, ನೀರು ಕಟ್ಟಬೇಕು. ತಡವಾದರೆ ಮುಂದಿನ ಚಾಕಿ ಹುಳ ಮನೆಗೆ ಬರುವ ಹೊತ್ತಿಗೆ ಸೊಪ್ಪು ಬಂದಿರುವುದಿಲ್ಲ. ಎತ್ತು ಸಾಕುವವರು ಕಡಿಮೆಯಾದರು, ಆಳು ಸಿಗುವುದಿಲ್ಲ. ಅದಕ್ಕೇ ನಮ್ಮ ಸದಸ್ಯರು ಎತ್ತು ಮಾರಿ, ನನ್ನ ಮಾತು ಕೇಳಿ, ಸಂಘದಲ್ಲಿ ಸಾಲ ಮಾಡಿ ಪೆಟ್ರೋಲಿನ ಪವರ್ ವೀಡರ್ ತಂದರು. ಪೂಜೆ ಮಾಡಿ, ಚಕ್ರಕ್ಕೆ ನಿಂಬೆಹಣ್ಣು ಇಟ್ಟು ತೋಟಕ್ಕೆ ಇಳಿಸಿದ್ದಾಯಿತು.

ಮೂರನೇ ದಿನ ಬೆಳಿಗ್ಗೆ ನಮ್ಮ ಮನೆ ಜಗಲಿಗೆ ಬಂದರು. "ಡೈರೆಕ್ಟ್ರೇ, ನಿಮ್ ಮಾತ್ ಕೇಳಿ ಸಾಲ ತಗೊಂಡೆ. ಇದು ನಾಕು ಸಾಲು ಓಡಿ ದಮ್ ಕಟ್ಕೊಂಡು ನಿಂತ್ಕೊತದೆ. ಎತ್ತೇ ವಾಸಿ ಇತ್ತು" ಅಂದರು. ಹೋಗಿ ನೋಡಿದೆ. ಹಗ್ಗ ಎಳೆದರೆ ಒಂದೇ ಏಟಿಗೆ ಶುರುವಾಗುತ್ತದೆ. ಹತ್ತು ನಿಮಿಷ ಸೊಗಸಾಗಿ ಓಡುತ್ತದೆ. ಆಮೇಲೆ ಸದ್ದು ಕುಗ್ಗುತ್ತದೆ, ಮಣ್ಣಿಗೆ ಒತ್ತಿದರೆ ಏದುಸಿರು ಬಿಟ್ಟು ನಿಲ್ಲುತ್ತದೆ. ಒಂದು ಬೀಡಿ ಸೇದುವಷ್ಟು ಹೊತ್ತು ಬಿಟ್ಟು ಎಳೆದರೆ ಮತ್ತೆ ಶುರು. ಪೆಟ್ರೋಲು ಹಾಕಿದರಂತೂ ಆ ಕ್ಷಣಕ್ಕೇ ಸರಿಯಾಗುತ್ತದೆ. ಹೀಗೆ ಇಡೀ ದಿನ.

ಪೆಟ್ರೋಲು ಹಾಕಿದ ತಕ್ಷಣ ಸರಿಹೋಗುವುದನ್ನು ಕಂಡು ನಾನು ಜಾಣನಂತೆ, "ಇದು ಪೆಟ್ರೋಲಿನ ದೋಷ ಕಣಣ್ಣ" ಅಂತ ತೀರ್ಪು ಕೊಟ್ಟೆ. ಟ್ಯಾಂಕು ಬರಿದು ಮಾಡಿ ಬೇರೆ ಬಂಕಿನ ಪೆಟ್ರೋಲು ತರಿಸಿದೆ. ಅದೇ ಕಥೆ. ಆಮೇಲೆ ಕಾರ್ಬ್ಯುರೇಟರಿನ ಸ್ಕ್ರೂ ತಿರುಗಿಸಿದೆ. ಎಷ್ಟು ಸುತ್ತು ತಿರುಗಿಸಿದೆ ಅಂತ ಲೆಕ್ಕ ಇಡಲಿಲ್ಲ. ಈಗ ನಿಲ್ಲುವುದರ ಜೊತೆಗೆ ಕಪ್ಪು ಹೊಗೆಯೂ ಶುರುವಾಯಿತು. ಸದಸ್ಯರು ಮಿಷನ್ನನ್ನು ಆಟೋದಲ್ಲಿ ಹಾಕಿಕೊಂಡು ಪೇಟೆಯ ಒಬ್ಬ ಮೆಕ್ಯಾನಿಕ್ ಹತ್ತಿರ ಹೋದರು. ಆತ ಬಿಚ್ಚಿ, ತೊಳೆದು, ಅಂಗಡಿ ಮುಂದೆ ಅರ್ಧ ಗಂಟೆ ಓಡಿಸಿ ತೋರಿಸಿ ದುಡ್ಡು ತೆಗೆದುಕೊಂಡ. ಅಲ್ಲಿ ಒಂದು ಸಲವೂ ನಿಲ್ಲಲಿಲ್ಲ. ಮನೆಗೆ ತಂದು ತೋಟಕ್ಕೆ ಇಳಿಸಿದರೆ ಹತ್ತು ನಿಮಿಷಕ್ಕೆ ಮತ್ತೆ ದಮ್ಮು ಕಟ್ಟಿತು. ಮಾರಿದ ಅಂಗಡಿಗೆ ಹೋದರೆ, ಹೊರಗಿನವರು ಬಿಚ್ಚಿದ್ದಾರೆ, ಇನ್ನು ಗ್ಯಾರಂಟಿ ಬರುವುದಿಲ್ಲ ಅಂದುಬಿಟ್ಟರು.

ಆ ತಿಂಗಳ ಕಂತು ಬರಲಿಲ್ಲ. ಕೇಳಲು ಹೋದ ಕಾರ್ಯದರ್ಶಿಗಳಿಗೆ ಸದಸ್ಯರು, "ಕಮಿಷನ್ ತಿಂದವ್ರು ಕಟ್ಲಿ" ಅಂದರಂತೆ. ನಾನು ಒಂದು ಕಾಸು ಮುಟ್ಟಿದವನಲ್ಲ. ಆದರೂ ಊರಲ್ಲಿ ಮಾತು ಹಬ್ಬಿತು. ಮಾರಮ್ಮನ ಹಬ್ಬದ ದಿನ ಎದುರಿಗೆ ಸಿಕ್ಕರೂ ಅವರು ಮುಖ ತಿರುಗಿಸಿ ಹೋದರು. ಅವರ ತಂದೆಯೂ ನಮ್ಮ ತಂದೆಯೂ ಮುಯ್ಯಾಳು ಮಾಡಿಕೊಂಡು ಬದುಕಿದವರು ಎಂಬುದನ್ನು ನೆನೆದು ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಇದಾಗಿ ಮೂರು ವಾರಕ್ಕೆ ನಾವು ಕೆಲವರು ಮಿನಿ ಬಸ್ಸು ಮಾಡಿಕೊಂಡು ಧರ್ಮಸ್ಥಳ, ಕೊಲ್ಲೂರು ಮುಗಿಸಿ ಉಡುಪಿಗೆ ಹೋದೆವು. ಸಂಜೆ ಮಲ್ಪೆಯ ಕಡಲ ತೀರದಲ್ಲಿ ಒಬ್ಬರು ತಮ್ಮ ಸಣ್ಣ ದೋಣಿಯಲ್ಲಿ ಒಂದು ಸುತ್ತು ಹಾಕಿಸುತ್ತೇನೆ ಅಂದರು. ಸಂಗಮದ ತೆಪ್ಪ ಬಿಟ್ಟರೆ ಬೇರೆ ದೋಣಿ ಕಾಣದವರು ನಾವು. ದೋಣಿಯ ಹಿಂದಕ್ಕೆ ತಗುಲಿ ಹಾಕಿದ ಮೋಟಾರು ಇತ್ತು. ಅದಕ್ಕೆ ಔಟ್‌ಬೋರ್ಡ್ ಮೋಟಾರು ಅನ್ನುತ್ತಾರೆ. ಮೇಲೆ ಇಂಜಿನ್ನು, ಕೆಳಗೆ ನೀರೊಳಗೆ ಫ್ಯಾನಿನಂಥ ರೆಕ್ಕೆ. ಎಣ್ಣೆಯ ಟ್ಯಾಂಕು ಬೇರೆ, ದೋಣಿಯೊಳಗೆ ಇರುತ್ತದೆ. ಅದರಿಂದ ಮೋಟಾರಿಗೆ ಒಂದು ಪೈಪು, ನಡುವೆ ಕೈಯಲ್ಲಿ ಅದುಮುವ ಒಂದು ರಬ್ಬರ್ ಉಂಡೆ. ಹೊಸ ಮೋಟಾರು, ಅದೇ ವರ್ಷ ಹಾಕಿಸಿದ್ದಂತೆ.

ಸ್ವಲ್ಪ ದೂರ ಹೋಗುವಷ್ಟರಲ್ಲಿ ಸದ್ದು ಕುಗ್ಗಿತು. ನನಗೆ ಆ ಸದ್ದು ಪರಿಚಯ! ನಮ್ಮ ಸದಸ್ಯರ ತೋಟದಲ್ಲಿ ಕೇಳಿದ್ದೇ ಅದು. ನೆಲದ ಮೇಲಾದರೆ ಬೀಡಿ ಸೇದುತ್ತಾ ಕೂರಬಹುದು, ನೀರಿನ ನಡುವೆ ಏನು ಗತಿ ಅಂತ ನಮ್ಮವರಿಗೆಲ್ಲ ಜೀವ ಬಾಯಿಗೆ ಬಂತು. ದೋಣಿಯವರು ಮೋಟಾರನ್ನು ಮುಟ್ಟಲೇ ಇಲ್ಲ. ರಬ್ಬರ್ ಉಂಡೆ ನೋಡಿದರು, ಅದು ಹೀರಿಕೊಂಡು ಚಪ್ಪಟೆಯಾಗಿತ್ತು. ಟ್ಯಾಂಕಿನ ಮುಚ್ಚಳದ ಮೇಲಿನ ಒಂದು ಸಣ್ಣ ತಿರುಪನ್ನು ಸಡಿಲ ಮಾಡಿದರು. 'ಉಸ್' ಅಂತ ಗಾಳಿ ಒಳಗೆ ಹೋಯಿತು. ಉಂಡೆಯನ್ನು ನಾಕು ಸಲ ಅದುಮಿ ಹಗ್ಗ ಎಳೆದರು, ಮೋಟಾರು ಶುರುವಾಯಿತು. "ಸಾಗಿಸುವಾಗ ಎಣ್ಣೆ ಚೆಲ್ಲಬಾರ್ದು ಅಂತ ಹುಡುಗ ತಿರುಪು ಬಿಗಿ ಮಾಡಿದ್ದ, ಬಿಡ್ಲಿಕ್ಕೆ ಮರ್ತ. ಟ್ಯಾಂಕಿಗೂ ಉಸಿರಾಟ ಬೇಕಲ್ಲ ಮಾರಾಯ್ರೆ" ಅಂದರು.

ಎಣ್ಣೆ ಟಿನ್ನಿಗೆ ಒಂದೇ ತೂತು ಹೊಡೆದು ಬಗ್ಗಿಸಿದರೆ ಎಣ್ಣೆ ಗಳಗಳ ಅಂತ ನಿಂತು ನಿಂತು ಬೀಳುತ್ತದೆ. ಎದುರು ಮೂಲೆಗೆ ಇನ್ನೊಂದು ತೂತು ಹೊಡೆದರೆ ಧಾರೆಯಾಗಿ ಬರುತ್ತದೆ. ಇದು ನಮ್ಮ ಹೆಣ್ಣುಮಕ್ಕಳಿಗೆಲ್ಲ ಗೊತ್ತು. ಪೆಟ್ರೋಲು ಖರ್ಚಾದಷ್ಟೂ ಆ ಜಾಗಕ್ಕೆ ಗಾಳಿ ಬರಬೇಕು. ಅದಕ್ಕಾಗಿ ಮುಚ್ಚಳದಲ್ಲಿ ದಾರಿ ಇಟ್ಟಿರುತ್ತಾರೆ. ಆ ದಾರಿ ಕಟ್ಟಿದರೆ ಪೆಟ್ರೋಲು ಟ್ಯಾಂಕಿನಲ್ಲಿ ತುಂಬಿದ್ದರೂ ಕೆಳಗೆ ಇಳಿಯುವುದಿಲ್ಲ. ಸ್ವಲ್ಪ ಹೊತ್ತು ಬಿಟ್ಟರೆ ಎಲ್ಲಿಂದಲೋ ಗಾಳಿ ನುಸುಳಿ ಮತ್ತೆ ನಾಕು ನಿಮಿಷ ಓಡುತ್ತದೆ. ಪೆಟ್ರೋಲು ಹಾಕಲು ಮುಚ್ಚಳ ತೆಗೆದರೆ ಗಾಳಿ ಹೋಗುತ್ತದೆ, ಆಗಲೂ ಸರಿಯಾಗುತ್ತದೆ. ಸರಿ ಮಾಡಿದ್ದು ಪೆಟ್ರೋಲಲ್ಲ, ಮುಚ್ಚಳ ತೆಗೆದದ್ದು!

ಊರಿಗೆ ಬಂದ ಮಾರನೇ ದಿನ, ಕರೆಯದಿದ್ದರೂ ಸದಸ್ಯರ ತೋಟಕ್ಕೆ ಹೋದೆ. ಮುಚ್ಚಳದ ಮೇಲೆ ಪ್ಲಾಸ್ಟಿಕ್ ಕವರು, ಅದರ ಸುತ್ತ ಸೈಕಲ್ ಟ್ಯೂಬಿನ ರಬ್ಬರು. ಮಳೆನೀರು ಒಳಗೆ ಇಳಿಯಬಾರದು, ಇಳಿಜಾರಿನಲ್ಲಿ ಪೆಟ್ರೋಲು ತುಳುಕಬಾರದು ಅಂತ ಹೊಸ ಮಿಷನ್ನಿಗೆ ಪ್ರೀತಿಯಿಂದ ಕಟ್ಟಿದ್ದು. ಮೆಕ್ಯಾನಿಕ್ ಅಂಗಡಿಯಲ್ಲಿ ಅದನ್ನು ಬಿಚ್ಚಿ ಇಟ್ಟಿದ್ದರು, ಅದಕ್ಕೇ ಅಲ್ಲಿ ನಿಲ್ಲಲಿಲ್ಲ. ಇನ್ನೊಂದು ಮಾತು ಮುಚ್ಚಿಡುವುದಿಲ್ಲ. ಅವತ್ತು ಪೆಟ್ರೋಲು ಬದಲಾಯಿಸಿದ ಮೇಲೆ ಆ ಕವರನ್ನು ಮತ್ತೆ ಬಿಗಿಯಾಗಿ ಕಟ್ಟಿದ್ದು ನನ್ನ ಕೈಯೇ.

ಕವರು ಬಿಚ್ಚಿ ಓಡಿಸಿದೆವು. ಒಂದು ಗಂಟೆ ಕಾಲ ಓಡಿತು. ಸದಸ್ಯರು ಬದುವಿನ ಮೇಲೆ ಕುಂತು, "ಇಷ್ಟೇನಾ?" ಅಂದರು. ಇಷ್ಟೇ ಆಗಿರಲಿಲ್ಲ. ನಾನು ತಿರುಗಿಸಿದ ಸ್ಕ್ರೂ ದೆಸೆಯಿಂದ ಕಪ್ಪು ಹೊಗೆ ಇತ್ತಲ್ಲ, ಅದನ್ನು ಸರಿಮಾಡಿಸಲು ಕಂಪನಿ ತರಬೇತಿಯ ಮೆಕ್ಯಾನಿಕ್ಕನ್ನು ಕರೆಸಬೇಕಾಯಿತು. ಆ ಖರ್ಚು ನಾನು ಕೊಟ್ಟೆ. ಕಂತು ಮುಂದಿನ ತಿಂಗಳು ಎರಡೂ ಸೇರಿಸಿ ಬಂತು. ಮಾತು ಮಾತ್ರ ದೀಪಾವಳಿ ಹೊತ್ತಿಗೆ ಶುರುವಾಯಿತು.

ಮಲ್ಪೆಯ ಆ ದೋಣಿಯವರು ಇನ್ನೊಂದು ವಿಷಯ ಹೇಳಿಕೊಟ್ಟರು. ಶಕ್ತಿ ಕುಂದಿದಾಗ ಮೊದಲು ಕಿವಿಕೊಟ್ಟು ಕೇಳಿ, ಸದ್ದು ಇಳಿಯಿತೋ ಏರಿತೋ ಅಂತ. ಇಳಿದರೆ ಇಂಜಿನ್ನಿಗೇ ಏನೋ ಕೊರತೆ. ಸದ್ದು ಏರಿ ದೋಣಿ ಮುಂದಕ್ಕೆ ಹೋಗದಿದ್ದರೆ ಇಂಜಿನ್ನು ಚೆನ್ನಾಗಿಯೇ ಇದೆ, ರೆಕ್ಕೆಯೊಳಗಿನ ರಬ್ಬರ್ ಬುಷ್ ಜಾರುತ್ತಿದೆ ಎಂದು ಅರ್ಥ. ನಮ್ಮ ವೀಡರಿಗೂ ಇದೇ ಪರೀಕ್ಷೆ. ಇಂಜಿನ್ನು ಅರಚುತ್ತಿದೆ, ಬ್ಲೇಡು ತಿರುಗುತ್ತಿಲ್ಲ ಅಂದರೆ ಬೆಲ್ಟು ಸಡಿಲವಾಗಿದೆ ಅಥವಾ ಕ್ಲಚ್ ತಂತಿ ಎಳೆತ ತಪ್ಪಿದೆ. ಹೊಸ ಬೆಲ್ಟು ಮೊದಲ ದಿನಗಳಲ್ಲಿ ಹಿಗ್ಗುವುದು ಸಹಜ. ಬ್ಲೇಡಿಗೆ ಗರಿಕೆ, ಸೊಪ್ಪಿನ ಕಡ್ಡಿ ಸುತ್ತಿಕೊಂಡಿದ್ದರೆ ಮಾತ್ರ ಸದ್ದು ಇಳಿಯುತ್ತದೆ, ಭಾರ ಹೆಚ್ಚಾಯಿತಲ್ಲ. ಅದನ್ನು ಕೀಳುವ ಮುಂಚೆ ಇಂಜಿನ್ನು ನಿಲ್ಲಿಸಿ, ಪ್ಲಗ್ಗಿನ ವೈರು ಕಿತ್ತು ಪಕ್ಕಕ್ಕಿಡಿ. ಬೆರಳು ಕಳೆದುಕೊಂಡರೆ ಯಾವ ಸಂಘವೂ ಸಾಲ ಕೊಟ್ಟು ತರಲಾಗುವುದಿಲ್ಲ.

ಸದ್ದು ಇಳಿದಿದ್ದರೆ, ಯಾವಾಗ ಇಳಿಯುತ್ತದೆ ನೋಡಿ. ಶುರುವಾದ ಕೂಡಲೇ ಉಬ್ಬಸ, ಕಪ್ಪು ಹೊಗೆ ಇದ್ದರೆ ಚೋಕ್ ಎಳೆದಂತೆಯೇ ಬಿಟ್ಟಿರಬಹುದು. ಓಡಿ ಓಡಿ ನಿಂತರೆ ಮುಚ್ಚಳ ಸಡಿಲಿಸಿ 'ಉಸ್' ಸದ್ದು ಕೇಳಿ. ಇಂಜಿನ್ನು ಆರಿದ ಮೇಲೆ, ಬೀಡಿ ಆರಿಸಿದ ಮೇಲೆ! ದಿನದಿಂದ ದಿನಕ್ಕೆ ಕುಂದುತ್ತಾ ಬಂದರೆ ಏರ್ ಫಿಲ್ಟರ್ ತೆಗೆದು ನೋಡಿ. ಬೇಸಿಗೆಯಲ್ಲಿ ಒಣ ತೋಟ ಕೆದಕಿದರೆ ಒಂದೇ ದಿನಕ್ಕೆ ಕೆಂಧೂಳು ತುಂಬುತ್ತದೆ. ಸ್ಪಂಜಿನ ಫಿಲ್ಟರನ್ನು ಸೋಪು ನೀರಲ್ಲಿ ತೊಳೆದು, ಪೂರಾ ಒಣಗಿಸಿ, ಎರಡು ತೊಟ್ಟು ಇಂಜಿನ್ ಆಯಿಲ್ ಹಾಕಿ ಹಿಂಡಬೇಕು. ಕಾಗದದ್ದಾದರೆ ತೊಳೆಯಬಾರದು, ಮೆಲ್ಲಗೆ ಕುಟ್ಟಿ ಧೂಳು ಉದುರಿಸಬೇಕು. ಫಿಲ್ಟರ್ ತೆಗೆದು ಓಡಿಸಿದರೆ ಜೋರಾಗಿ ಓಡುತ್ತದೆ ಅಂತ ಹಂಗೇ ಓಡಿಸುವ ಹುಡುಗರಿದ್ದಾರೆ. ಆ ಧೂಳು ಸಿಲಿಂಡರನ್ನು ಉಜ್ಜಿ ಹಾಳು ಮಾಡುತ್ತದೆ.

ಪೆಟ್ರೋಲಿನ ವಿಷಯ. 2023ರ ಫೆಬ್ರವರಿಯಲ್ಲಿ ಶೇಕಡ 20 ಎಥನಾಲ್ ಬೆರೆತ ಪೆಟ್ರೋಲನ್ನು ನಮ್ಮ ಬೆಂಗಳೂರಿನಲ್ಲೇ ಬಿಡುಗಡೆ ಮಾಡಿದ್ದು ನಿಮಗೆ ನೆನಪಿರಬಹುದು. ಎಥನಾಲಿಗೆ ಕಬ್ಬು, ಧಾನ್ಯ ಬೆಳೆಯುವ ನಮ್ಮಂಥವರೇ ಮೂಲ, ಅದನ್ನು ದೂರುವುದಿಲ್ಲ. ಆದರೆ ಅದು ಗಾಳಿಯ ತೇವ ಹೀರುತ್ತದೆ. ನೀರು ಹೆಚ್ಚಾದರೆ ನೀರೂ ಎಥನಾಲೂ ಕೂಡಿಕೊಂಡು ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತವೆ. ಇಂಜಿನ್ನು ಕುಡಿಯುವುದು ತಳದಿಂದಲೇ. ಆದ್ದರಿಂದ ವರ್ಷಕ್ಕೆ ನಾಕು ಸಲ ಓಡುವ ಮಿಷನ್ನಿನಲ್ಲಿ ಪೆಟ್ರೋಲು ತುಂಬಿಸಿ ತಿಂಗಳುಗಟ್ಟಲೆ ಇಡಬೇಡಿ. ಅನುಮಾನ ಬಂದರೆ ಸ್ವಲ್ಪವನ್ನು ಗಾಜಿನ ಸೀಸೆಗೆ ಇಳಿಸಿ ನೆರಳಲ್ಲಿಡಿ. ತಳದಲ್ಲಿ ಬೇರೆ ಪದರ ಕಂಡರೆ ಎಲ್ಲ ತೆಗೆದು ಹೊಸದು ಹಾಕಿ.

ಕಳೆ ಕೊಚ್ಚುವ ಬ್ರಷ್ ಕಟರು, ಔಷಧಿ ಹೊಡೆಯುವ ಮಿಷನ್ನುಗಳಲ್ಲಿ ಬಹಳಷ್ಟು ಟೂ ಸ್ಟ್ರೋಕ್. ಇವಕ್ಕೆ ಪೆಟ್ರೋಲಿನ ಜೊತೆಗೇ ಆಯಿಲ್ ಬೆರೆಸಬೇಕು. ಪುಸ್ತಕದಲ್ಲಿ 50ಕ್ಕೆ 1 ಅಂತ ಇದ್ದರೆ ಲೀಟರಿಗೆ 20 ಮಿಲಿ, 25ಕ್ಕೆ 1 ಅಂತ ಇದ್ದರೆ 40 ಮಿಲಿ. ಹೊಸದು, ಒಂದಿಷ್ಟು ಜಾಸ್ತಿ ಇರಲಿ ಅಂತ ಸುರಿದರೆ ಪ್ಲಗ್ಗಿಗೂ ಸೈಲೆನ್ಸರಿನ ಜಾಲರಿಗೂ ಮಸಿ ಕಟ್ಟಿ ಅದಕ್ಕೂ ದಮ್ಮು ಬರುತ್ತದೆ. ಕಡಿಮೆ ಹಾಕಿದರೆ ಪಿಸ್ಟನ್ನೇ ಹಿಡಿದುಕೊಳ್ಳುತ್ತದೆ. ವೀಡರುಗಳು ಹೆಚ್ಚಾಗಿ ಫೋರ್ ಸ್ಟ್ರೋಕ್, ಅವಕ್ಕೆ ಆಯಿಲ್ ಬೇರೆ ಮನೆಯಲ್ಲಿ. ಸಮನೆಲದಲ್ಲಿ ನಿಲ್ಲಿಸಿ ಮಟ್ಟ ನೋಡಬೇಕು. ಹೊಸ ಇಂಜಿನ್ನಿಗೆ ಮೊದಲ ಕೆಲವು ಗಂಟೆ ಹಗುರ ಕೆಲಸ ಕೊಟ್ಟು, ಸುಮಾರು 20 ಗಂಟೆಗೆ ಮೊದಲ ಆಯಿಲ್ ಬದಲಿಸಿ ಅಂತ ಬಹಳ ಪುಸ್ತಕಗಳಲ್ಲಿ ಬರೆದಿರುತ್ತಾರೆ. ನಿಮ್ಮ ಪುಸ್ತಕ ಏನು ಹೇಳುತ್ತದೋ ಅದೇ ಲೆಕ್ಕ. ಇಂಗ್ಲಿಷಿನಲ್ಲಿದ್ದರೆ ಮನೆಯಲ್ಲಿ ಓದುವ ಮಕ್ಕಳ ಕೈಲಿ ಓದಿಸಿ.

ಇಷ್ಟೆಲ್ಲ ನೋಡಿಯೂ ಸರಿಹೋಗದಿದ್ದರೆ ನೀವು ಬಿಚ್ಚಬೇಡಿ, ನನ್ನನ್ನೂ ಬಿಚ್ಚಲು ಬಿಡಬೇಡಿ. ಎಷ್ಟು ನಿಮಿಷಕ್ಕೆ ನಿಂತಿತು, ಸದ್ದು ಇಳಿಯಿತೋ ಏರಿತೋ, ಹೊಗೆಯ ಬಣ್ಣ ಏನು ಅಂತ ಒಂದು ಚೀಟಿಯಲ್ಲಿ ಬರೆದುಕೊಂಡು ಕಂಪನಿಯ ಸರ್ವೀಸಿನವರ ಹತ್ತಿರವೇ ಹೋಗಿ.

ಕೊನೆಯದಾಗಿ ಆಡಳಿತ ಮಂಡಳಿಯಲ್ಲಿ ನನ್ನದೊಂದು ಅರಿಕೆ. ಸಾಲದ ಚೆಕ್ಕು ಅಂಗಡಿಯವರಿಗೆ ಕೊಡುವ ಮೊದಲು, ಮಿಷನ್ನನ್ನು ಅವರು ಸದಸ್ಯರ ಹೊಲದಲ್ಲೇ, ಮಣ್ಣಿಗೆ ಇಳಿಸಿ, ಒಂದು ಗಂಟೆ ಓಡಿಸಿ ತೋರಿಸಬೇಕು. ಅಂಗಡಿ ಮುಂದೆ ಖಾಲಿ ಓಡಿಸಿದ್ದು ಲೆಕ್ಕಕ್ಕಿಲ್ಲ. ಅಲ್ಲಿ ಒಬ್ಬ ನಿರ್ದೇಶಕ ಇರಬೇಕು, ಪುಸ್ತಕದ ಒಂದು ಪ್ರತಿ ಸಂಘದ ಕಚೇರಿಯಲ್ಲಿ ಇರಬೇಕು. ಕಾರ್ಯದರ್ಶಿಗಳು ಇದನ್ನು ಮುಂದಿನ ಸಭೆಯ ವಿಷಯಪಟ್ಟಿಗೆ ಸೇರಿಸಿದ್ದಾರೆ, ಸದಸ್ಯರು ಬಂದು ಬೆಂಬಲ ಕೊಡಬೇಕು. ಆ ದಿನ ನಮ್ಮ ಅಣ್ಣನವರೂ ತಮ್ಮ ವೀಡರು ತಂದು ತೋರಿಸುತ್ತೇನೆ ಅಂದಿದ್ದಾರೆ, ಕವರಿಲ್ಲದೆ.