108 ಗಾಡಿಯಲ್ಲಿ ಕಂಡ ಜನ

(ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



‘ನಿನ್ನ ಕಾಯಕದ ಬಗ್ಗೆ ಮಾತನಾಡು. ಹೊಗಳಿಕೊಳ್ಳಬೇಡ, ದೂರುವುದಿದ್ದರೆ ಧೈರ್ಯವಾಗಿ ದೂರು’ ಎಂದು ಪೂಜ್ಯರು ಅಪ್ಪಣೆ ಕೊಟ್ಟಿದ್ದಾರೆ. ಹಾಗಾಗಿ ಇಂದು ದೂರುತ್ತೇನೆ. ದೂರು ಇರುವುದು ನಮ್ಮ-ನಿಮ್ಮ ಮೇಲೆಯೇ. ಸ್ವಲ್ಪ ತಾಳ್ಮೆಯಿಂದ ಕೇಳಬೇಕು.

ನಮ್ಮ ರಾಜ್ಯದಲ್ಲಿ 108 ಸೇವೆ ‘ಆರೋಗ್ಯ ಕವಚ’ ಎಂಬ ಹೆಸರಿನಲ್ಲಿ 2008ರ ನವೆಂಬರ್ 1ರಂದು ಆರಂಭವಾಯಿತು. ಗಾಡಿಯಲ್ಲಿ ಇಬ್ಬರಿರುತ್ತೇವೆ. ಮುಂದೆ ಓಡಿಸುವವರನ್ನು ಪೈಲಟ್ ಎನ್ನುತ್ತೇವೆ. ಹಿಂದೆ ರೋಗಿಯ ಪಕ್ಕ ಇರುವ ನಾನು ತುರ್ತು ವೈದ್ಯಕೀಯ ತಂತ್ರಜ್ಞ. ಜನ ಸಮಾಧಾನದಲ್ಲಿದ್ದರೆ ‘ಡಾಕ್ಟ್ರ’ ಎನ್ನುತ್ತಾರೆ, ಸಿಟ್ಟಿಗೆದ್ದರೆ ‘ಏ ಡ್ರೈವರ್’ ಎನ್ನುತ್ತಾರೆ. ಎರಡೂ ಅಲ್ಲ. ರೋಗಿ ವೈದ್ಯರ ಕೈ ಸೇರುವ ತನಕ ಉಸಿರು ನಿಲ್ಲದಂತೆ, ರಕ್ತ ಹರಿದು ಹೋಗದಂತೆ ನೋಡಿಕೊಳ್ಳುವುದು ನನ್ನ ಕೆಲಸ.

ಮೊದಲ ದೂರು ವಿಳಾಸದ್ದು. ಫೋನಿನಲ್ಲಿ ‘ಮಠದ ಹಿಂದಿನ ಓಣಿ, ಲಗೂನ ಬರ್ರಿ’ ಎಂದು ಹೇಳಿ ಇಟ್ಟುಬಿಡುತ್ತಾರೆ. ನಮ್ಮ ಕಡೆ ಒಂದೊಂದು ಊರಿಗೆ ಮೂರು ಮೂರು ಮಠ! (ಸಭೆಯಲ್ಲಿ ನಗು) ತಿರುಗಿ ಫೋನ್ ಮಾಡಿದರೆ ಎತ್ತುವುದಿಲ್ಲ. ಹುಡುಕಿಕೊಂಡು ಹೋದಾಗ ಬಾಗಿಲಲ್ಲೇ ಕೊರಳಪಟ್ಟಿ ಹಿಡಿಯುತ್ತಾರೆ: ‘ಹೆಣಾ ಒಯ್ಯಾಕ ಬಂದೀರೇನು?’ ಒಬ್ಬ ಹುಡುಗನನ್ನು ಮುಖ್ಯ ರಸ್ತೆಗೆ ಕಳಿಸಿ, ಮೊಬೈಲ್ ಬೆಳಕು ತೋರಿಸುವಂತೆ ಹೇಳಿದ್ದರೆ ಎಷ್ಟೋ ನಿಮಿಷ ಉಳಿಯುತ್ತಿತ್ತು. ಇನ್ನು ಕೆಲವರಿಗೆ ನಮ್ಮದು ಪುಕ್ಕಟೆ ಟ್ಯಾಕ್ಸಿ. ‘ಡಿಸ್ಚಾರ್ಜ್ ಆಗೇದ, ಮನೀಗೆ ಬಿಡ್ರಿ’ ಎನ್ನುತ್ತಾರೆ. ಆ ಹೊತ್ತಿಗೆ ಇನ್ನೊಂದು ಊರಲ್ಲಿ ಯಾರದೋ ಎದೆ ಹಿಡಿದಿರುತ್ತದೆ.

ಎರಡನೆಯದು ನೋಡುತ್ತ ನಿಲ್ಲುವವರದು. ಬಾಗಲಕೋಟೆ ಜಿಲ್ಲೆಯ ಕಬ್ಬಿನ ಹಂಗಾಮು ನಿಮಗೆಲ್ಲ ಗೊತ್ತು. ರಾತ್ರಿ ಹೊತ್ತು ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್, ಹಿಂದೆ ದೀಪವಿಲ್ಲ, ಹೊಳೆಯುವ ಪಟ್ಟಿಯೂ ಇಲ್ಲ. ಬೈಕಿನ ಹುಡುಗರು ಬಂದು ನೇರವಾಗಿ ಅದರ ಬೆನ್ನಿಗೆ ಬಡಿಯುತ್ತಾರೆ. ಅಂಥ ಒಂದು ರಾತ್ರಿ ನಾವು ಹೋದಾಗ ನಲವತ್ತು ಜನ ಸುತ್ತ ನಿಂತಿದ್ದರು. ಹೆಚ್ಚಿನವರ ಕೈಯಲ್ಲಿ ಮೊಬೈಲ್, ವಿಡಿಯೋ ನಡೆದಿತ್ತು. ಒಬ್ಬ ಅಜ್ಜಿ ಮಾತ್ರ ನೆಲದ ಮೇಲೆ ಕುಳಿತು, ಹುಡುಗನ ತೊಡೆಯ ಗಾಯಕ್ಕೆ ತನ್ನ ಸೆರಗು ಒತ್ತಿ ಹಿಡಿದಿದ್ದಳು. ಅವಳಿಗೆ ಯಾರೂ ತರಬೇತಿ ಕೊಟ್ಟಿರಲಿಲ್ಲ. ಆ ಹುಡುಗ ಬದುಕಿದ್ದಾನೆ.

ಉಳಿದವರನ್ನು ಕೇಳಿದರೆ ‘ಪೊಲೀಸ್ ಕೇಸ್ ಆಗ್ತದರಿ’ ಎಂದರು. ಈ ಹೆದರಿಕೆಗೆ ಈಗ ಕಾರಣವಿಲ್ಲ. ಗಾಯಾಳುವಿಗೆ ನೆರವಾದವರನ್ನು ಪೀಡಿಸಬಾರದೆಂಬ ಮಾರ್ಗಸೂಚಿಗೆ 2016ರಲ್ಲಿ ಸುಪ್ರೀಂ ಕೋರ್ಟ್ ಕಾನೂನಿನ ಬಲ ಕೊಟ್ಟಿತು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿಯಾಗಿ 134ಎ ಎಂಬ ಕಲಂ ಸೇರಿತು. ಒಳ್ಳೆಯ ಮನಸ್ಸಿನಿಂದ ನೆರವಾದವರ ಮೇಲೆ ಕೇಸು ಬೀಳುವುದಿಲ್ಲ, ಹೆಸರು ಹೇಳಲೇಬೇಕೆಂಬ ಒತ್ತಾಯವೂ ಇಲ್ಲ. ಅದೇ ಕಾಯ್ದೆಯ ಪ್ರಕಾರ ಆಂಬುಲೆನ್ಸಿಗೆ ದಾರಿ ಬಿಡದಿದ್ದರೆ 10,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸೆರೆವಾಸ.

ನೆರವಾಗಲು ಹೋಗಿ ಕೆಡಿಸುವವರೂ ಇದ್ದಾರೆ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕುತ್ತಾರೆ. ಆ ನೀರು ಶ್ವಾಸಕೋಶಕ್ಕೆ ಇಳಿಯುತ್ತದೆ. ಹಾವು ಕಚ್ಚಿದ ಜಾಗವನ್ನು ಬ್ಲೇಡಿನಿಂದ ಕೊಯ್ಯುತ್ತಾರೆ, ಹಗ್ಗ ಬಿಗಿಯುತ್ತಾರೆ. ಫಿಟ್ಸ್ ಬಂದವರ ಕೈಗೆ ಕೀಲಿಕೈ ಕೊಡುತ್ತಾರೆ. ವಿಷ ಕುಡಿದವರಿಗೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುತ್ತಾರೆ. ಎದೆನೋವನ್ನು ‘ಗ್ಯಾಸ್ಟ್ರಿಕ್’ ಎಂದು ಸೋಡಾ ಕುಡಿದು ಮಲಗುತ್ತಾರೆ. ಇದ್ಯಾವುದೂ ಬೇಡ. ಎಚ್ಚರವಿಲ್ಲದೆ ಉಸಿರಾಡುತ್ತಿರುವವರನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಹರಿಯುವ ರಕ್ತಕ್ಕೆ ಶುಭ್ರ ಬಟ್ಟೆ ಒತ್ತಿ ಹಿಡಿಯಿರಿ, ಹಾವು ಕಚ್ಚಿದ ಕೈಕಾಲನ್ನು ಅಲುಗಾಡಿಸದೆ ಆಸ್ಪತ್ರೆಗೆ ತನ್ನಿ.

ಮೂರನೆಯದನ್ನು ಈ ಗೋಷ್ಠಿಯಲ್ಲಿಯೇ ಹೇಳಬೇಕು. ಒಂದು ಭಾನುವಾರ ಸಂಜೆ ಐದೂವರೆಗೆ ಗರ್ಭಿಣಿಯೊಬ್ಬಳ ಮನೆಗೆ ಹೋದೆವು. ಕಾಲು ಬಾತಿದ್ದವು, ಬಿಪಿ ಬಹಳ ಏರಿತ್ತು, ತಲೆ ಸಿಡಿಯುತ್ತದೆ ಎನ್ನುತ್ತಿದ್ದಳು. ‘ಈಗಲೇ ಹೊರಡಬೇಕು’ ಎಂದೆ. ಮನೆಯ ಹಿರಿಯರು ಅಡ್ಡ ನಿಂತರು: ‘ಆರಕ್ಕ ರಾಹುಕಾಲ ಮುಗೀತದ. ಅರ್ಧ ತಾಸು ತಡೀರಿ.’ ಅವರ ಹಣೆಯ ಮೇಲೆ ವಿಭೂತಿ ಇತ್ತು, ಎದೆಯ ಮೇಲೆ ಇಷ್ಟಲಿಂಗವಿತ್ತು. ಕೈಮುಗಿದೆ, ಜಗಳವಾಡಿದೆ. ಗಾಡಿ ಹೊರಟದ್ದು ಆರರ ನಂತರವೇ. ದಾರಿಯಲ್ಲಿ ಆಕೆಗೆ ಫಿಟ್ಸ್ ಬಂತು. ಮಗು ಉಳಿಯಿತು, ತಾಯಿ ಮೂರನೆಯ ದಿನ ಆಸ್ಪತ್ರೆಯಲ್ಲಿ ತೀರಿಕೊಂಡಳು. ಬೇಗ ಹೊರಟಿದ್ದರೆ ಬದುಕುತ್ತಿದ್ದಳು ಎಂದು ನಾನು ಆಣೆ ಮಾಡಿ ಹೇಳಲಾರೆ. ಆದರೆ ಆ ಅರ್ಧ ತಾಸು ಅವಳದಾಗಿತ್ತು. ಅದನ್ನು ಕಸಿದುಕೊಳ್ಳುವ ಹಕ್ಕು ಯಾವ ಪಂಚಾಂಗಕ್ಕೂ ಇರಲಿಲ್ಲ.

ಕೆಲಸ ಮುಗಿಸಿ ಮನೆಗೆ ಬಂದರೂ ಇದು ಬಿಡುವುದಿಲ್ಲ. ಮದುವೆಯ ಪಂಕ್ತಿಯಲ್ಲಿ ಒಬ್ಬರು ಕೈ ಚಾಚಿ ‘ನಾಡಿ ನೋಡಪ್ಪ’ ಎನ್ನುತ್ತಾರೆ. ಇನ್ನೊಬ್ಬರು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ ‘ಈ ವಾರ ಎಷ್ಟು ಹೆಣಾ ಎತ್ತಿದಿ?’ ಎನ್ನುತ್ತಾರೆ. ಇದನ್ನೆಲ್ಲ ನಕ್ಕು ಸಹಿಸಬಹುದು. ಆದರೆ ಸಂಬಂಧಿಕರ ಗೃಹಪ್ರವೇಶಕ್ಕೆ ಹೋದಾಗ ‘ಹೆಣಾ ಮುಟ್ಟೋ ಕೆಲಸ, ಒಳಗ ಬರಬ್ಯಾಡ’ ಎಂದು ಅಂಗಳದಲ್ಲಿಯೇ ಕೂಡಿಸಿದರು. ಗಾಯಕ್ಕೆ ಪಟ್ಟಿ ಕಟ್ಟುತ್ತಿರುವಾಗಲೇ ‘ನೀವು ಯಾವ ಮಂದಿ?’ ಎಂದು ಕೇಳಿದ ರೋಗಿಗಳೂ ಇದ್ದಾರೆ.

ಜನನ, ಮರಣ, ಜಾತಿ, ರಜಸ್ಸು, ಎಂಜಲು ಎಂಬ ಐದು ಸೂತಕಗಳು ನಮಗಿಲ್ಲವೆಂದು ಹನ್ನೆರಡನೆಯ ಶತಮಾನದಲ್ಲಿಯೇ ಶರಣರು ಹೇಳಿದ್ದನ್ನು ಇದೇ ಸಭಾಂಗಣದಲ್ಲಿ ಎಷ್ಟು ಸಲ ಕೇಳಿದ್ದೇವೆ! ಕೈ ತೊಳೆದು ಬಾ ಎಂದರೆ ಒಪ್ಪುತ್ತೇನೆ, ಸೋಪು ಹಚ್ಚಿ ತೊಳೆಯುತ್ತೇನೆ. ತೊಳೆದ ಮೇಲೂ ಉಳಿಯುವ ಮೈಲಿಗೆ ಯಾವುದು? ಅದು ನನ್ನ ಕೈಯಲ್ಲಿದೆಯೋ, ನೋಡುವವರ ಕಣ್ಣಲ್ಲಿದೆಯೋ?

ಇಷ್ಟು ದೂರಿದ ಮೇಲೆ ಒಂದು ನಿಜವನ್ನೂ ಹೇಳಬೇಕು. ಬಾಗಿಲಲ್ಲಿ ನಮ್ಮ ಮೇಲೆ ಹರಿಹಾಯುವವರಲ್ಲಿ ಹೆಚ್ಚಿನವರು ಕೆಟ್ಟವರಲ್ಲ, ಹೆದರಿದವರು. ಕೊರಳಪಟ್ಟಿ ಹಿಡಿದವನೇ ಗಾಡಿಯೊಳಗೆ ಕುಳಿತ ಮೇಲೆ ನನ್ನ ಕೈ ಹಿಡಿದು ಅಳುತ್ತಾನೆ. ಹೆದರಿಕೆ ತಪ್ಪಲ್ಲ. ಹೆದರಿಕೆಗೆ ಅರಿವು ಜೊತೆಗೂಡಬೇಕು, ಅಷ್ಟೇ.

ಅದಕ್ಕೆ ನನ್ನ ಬಿನ್ನಹ ನಾಲ್ಕೇ. ಕಬ್ಬು ಸಾಗಿಸುವ ರೈತ ಬಂಧುಗಳು ಟ್ರೇಲರಿನ ಹಿಂದೆ ಹೊಳೆಯುವ ಪಟ್ಟಿ ಅಂಟಿಸಲಿ. ಜಾತ್ರೆಯಲ್ಲಿ, ತೇರಿನ ದಿನ, ಆಂಬುಲೆನ್ಸಿಗೆಂದು ಒಂದು ದಾರಿ ತೆರೆದಿರಲಿ. ಮಠದಲ್ಲಿ ವರ್ಷಕ್ಕೊಮ್ಮೆಯಾದರೂ ತರುಣರಿಗೆ ಪ್ರಥಮ ಚಿಕಿತ್ಸೆ ಕಲಿಸುವ ವ್ಯವಸ್ಥೆಯಾಗಲಿ. ಉಸಿರು ನಿಂತವರ ಎದೆಯನ್ನು ನಿಮಿಷಕ್ಕೆ 100ರಿಂದ 120 ಸಲ ಒತ್ತುವುದನ್ನು ಕಲಿಯಲು ವೈದ್ಯನಾಗಬೇಕಿಲ್ಲ. ಕೊನೆಯದು, ನಿಮ್ಮ ಮನೆಯಿಂದ ರೋಗಿಯನ್ನು ಕರೆದೊಯ್ಯಲು ನಾವು ಬಂದಾಗ ಪಂಚಾಂಗ ತೆರೆಯಬೇಡಿ, ಬಾಗಿಲು ತೆರೆಯಿರಿ.

ಮುಂದಿನ ಗೋಷ್ಠಿಯ ದಿನ ಪ್ರಥಮ ಚಿಕಿತ್ಸೆ ಕಲಿಸಲು ನಾನು ಮತ್ತು ನಮ್ಮ ಪೈಲಟ್ ಅಣ್ಣ ಸಿದ್ಧರಿದ್ದೇವೆ. ಪೂಜ್ಯರು ಈಗಲೇ ಒಪ್ಪಿಗೆ ಕೊಟ್ಟಿದ್ದಾರೆ. ದಯಮಾಡಿ ಮಕ್ಕಳನ್ನೂ ಕರೆದುಕೊಂಡು ಬನ್ನಿ.